ಹವ್ಯಾಸಿ ಓಟಗಾರರ ಪಾದದ ನೋವು: ಬೆಳಗಿನ ಮೊದಲ ಹೆಜ್ಜೆಯಿಂದ ಮರಳಿ ಓಡುವವರೆಗೆ

ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ 10 ಕಿಲೋಮೀಟರ್ ಓಟ ಸಾಮಾನ್ಯವಾಗಿ ಏಪ್ರಿಲ್ ಕೊನೆಗೋ ಮೇ ತಿಂಗಳಿನಲ್ಲೋ ಬರುತ್ತದೆ. ಅದಕ್ಕೆ ಹೆಸರು ನೋಂದಾಯಿಸಿದವರಲ್ಲಿ ಅನೇಕರು ಫೆಬ್ರುವರಿ ಕಳೆಯುವ ಹೊತ್ತಿಗೆ ಎಚ್ಚೆತ್ತುಕೊಂಡು, ಅದುವರೆಗೆ ವಾರಕ್ಕೆ ಎರಡು ಮೂರು ಕಿಲೋಮೀಟರ್ ಕೂಡ ಓಡದಿದ್ದ ಕಾಲುಗಳಿಂದ ಏಕಾಏಕಿ ಇಪ್ಪತ್ತು ಕಿಲೋಮೀಟರ್ ದುಡಿಸಿಕೊಳ್ಳಲು ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೊರಡುತ್ತಾರೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಈ ಹೊಸ ದುಡಿಮೆಗೆ ಒಗ್ಗಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜು ಮತ್ತು ಅಂಗಾಲಿನ ತಂತುಪಟ್ಟಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರ ಹೆಚ್ಚಿಸುವ ಹೊತ್ತಿಗೆ ಪಾದ ಇನ್ನೂ ಹಿಂದೆಯೇ ಉಳಿದಿರುತ್ತದೆ. ಹವ್ಯಾಸಿ ಓಟಗಾರರ ಪಾದದ ನೋವಿನಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಅಂತರದಲ್ಲಿ. ಆದ್ದರಿಂದ ಅದರ ಪರಿಹಾರವೂ ಮುಖ್ಯವಾಗಿ ಪಾದದ ಮೇಲೆ ಬೀಳುವ ಭಾರವನ್ನು ಮೊದಲು ಇಳಿಸಿ, ಆಮೇಲೆ ಅಳತೆಯಿಂದ ಏರಿಸುವ ಕೆಲಸವೇ ಆಗಿದೆ. ಮುಲಾಮು, ಮಾತ್ರೆಗಳ ಪಾತ್ರ ಅದರಲ್ಲಿ ತೀರ ಚಿಕ್ಕದು.

ಓಟಗಾರರಲ್ಲಿ ಅತಿ ಹೆಚ್ಚಾಗಿ ಕಾಣುವುದು ಹಿಮ್ಮಡಿ ನೋವಾದ್ದರಿಂದ ಈ ಲೇಖನ ಹೆಚ್ಚಾಗಿ ಅದರ ಸುತ್ತಲೇ ಇರುತ್ತದೆ. ಆದರೆ ಹಿಮ್ಮಡಿ ನೋವೆಂದು ತೀರ್ಮಾನಿಸುವ ಮೊದಲು ಬೇರೆಯವು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹಂತ 1: ನೋವಿನ ಜಾಗ ಮತ್ತು ಹೊತ್ತನ್ನು ಗುರುತಿಸುವುದು

ಒಂದು ಪಾದದಲ್ಲಿ 26 ಮೂಳೆಗಳಿವೆ. “ಪಾದ ನೋಯುತ್ತಿದೆ” ಎಂಬ ಮಾತಿನಿಂದ ವೈದ್ಯರಿಗಾಗಲಿ ನಿಮಗಾಗಲಿ ಏನೂ ತಿಳಿಯುವುದಿಲ್ಲ. ಕುರ್ಚಿಯ ಮೇಲೆ ಕುಳಿತು ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಜಾಗವನ್ನು ಒತ್ತುತ್ತಾ ಹೋಗಿ, ಎಲ್ಲಿ ಹೆಚ್ಚು ನೋಯುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ನೋವು ಯಾವ ಹೊತ್ತಿನಲ್ಲಿ ಬರುತ್ತದೆ, ಓಡುತ್ತ ಹೋದಂತೆ ಇಳಿಯುತ್ತದೆಯೋ ಏರುತ್ತದೆಯೋ, ರಾತ್ರಿ ಮಲಗಿದಾಗಲೂ ಇರುತ್ತದೆಯೋ ಎಂಬುದನ್ನೂ ಒಂದು ವಾರ ಬರೆದಿಡಿ. ಈ ಪುಟ್ಟ ದಾಖಲೆ ಎಷ್ಟೋ ಸಲ ಸ್ಕ್ಯಾನಿಂಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಿಮ್ಮಡಿಯ ತಳದಲ್ಲಿ, ಸ್ವಲ್ಪ ಒಳಬದಿಗೆ ಒತ್ತಿದಾಗ ನೋವಾಗುತ್ತಿದ್ದು, ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಕೆಲವು ಹೆಜ್ಜೆಗಳು ಚುಚ್ಚಿದಂತಿದ್ದು, ಹತ್ತಾರು ಹೆಜ್ಜೆ ನಡೆದ ಮೇಲೆ ಸಡಿಲಾಗುತ್ತಿದ್ದರೆ, ಅದು ಬಹುಮಟ್ಟಿಗೆ ಪ್ಲಾಂಟಾರ್ ಫೇಸೈಟಿಸ್, ಅಂದರೆ ಅಂಗಾಲಿನ ತಂತುಪಟ್ಟಿಯ ತೊಂದರೆ. ಕಚೇರಿಯಲ್ಲಿ ಬಹಳ ಹೊತ್ತು ಕುಳಿತು ಎದ್ದಾಗಲೂ ಇದೇ ಅನುಭವವಾಗುತ್ತದೆ. ನೋವು ಹಿಮ್ಮಡಿಯ ಹಿಂಭಾಗದಲ್ಲಿ ಅಥವಾ ಅದರ ಮೇಲಿನ ದಪ್ಪ ಸ್ನಾಯುರಜ್ಜುವಿನಲ್ಲಿದ್ದರೆ ಅದು ಅಕಿಲಿಸ್ ರಜ್ಜುವಿನ ತೊಂದರೆ. ಅದಕ್ಕೂ ಮುಂದೆ ಹಂತ 5ರಲ್ಲಿ ಹೇಳುವ, ಮೆಟ್ಟಿಲಿನ ಮೇಲೆ ಮಾಡುವ ಬಲವರ್ಧನೆಯ ಕ್ರಮವೇ ಮುಖ್ಯ ಚಿಕಿತ್ಸೆಯಾದರೂ, ಬೆರಳುಗಳ ಕೆಳಗೆ ಬಟ್ಟೆಯ ಸುರುಳಿ ಬೇಕಿಲ್ಲ. ರಜ್ಜು ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿಯೇ ನೋವಿದ್ದರೆ ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸಬಾರದು. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಉರಿ, ಜೋಮು, ಸಾಕ್ಸ್ ಮಡಚಿ ಸಿಕ್ಕಿಕೊಂಡಂತಹ ಭಾವನೆ ಇದ್ದು, ಶೂ ಬಿಚ್ಚಿದೊಡನೆ ಹಾಯೆನಿಸಿದರೆ, ಅಲ್ಲಿನ ನರ ಒತ್ತಡಕ್ಕೆ ಸಿಕ್ಕಿ ದಪ್ಪವಾಗಿರುವ ಸಾಧ್ಯತೆ ಇದೆ. ಮಾರ್ಟನ್ಸ್ ನ್ಯೂರೋಮಾ ಎಂದು ಕರೆಯುವ ಈ ತೊಂದರೆಗೆ ಮುಂಭಾಗ ಅಗಲವಾಗಿರುವ ಶೂ ಮೊದಲ ಮದ್ದು. ಪಾದದ ಮೇಲ್ಭಾಗದಲ್ಲಿ ಲೇಸ್ ಕಟ್ಟುವ ಕಡೆ ಮಾತ್ರ ನೋವಿದ್ದರೆ, ಆ ಜಾಗದ ರಂಧ್ರಗಳಲ್ಲಿ ಲೇಸನ್ನು ಅಡ್ಡ ದಾಟಿಸದೆ ನೇರವಾಗಿ ಮೇಲಕ್ಕೆ ಎಳೆದು ಕಟ್ಟಿ ನೋಡಿ. ಅಷ್ಟಕ್ಕೇ ನೋವು ಹೋದರೆ ಮುಂದಿನ ಯಾವ ಹಂತವೂ ನಿಮಗೆ ಬೇಕಿಲ್ಲ.

ಹಂತ 2: ಕಾಯಬಾರದ ನೋವುಗಳು

ಕೆಲವು ನೋವುಗಳನ್ನು “ಎರಡು ವಾರ ನೋಡೋಣ” ಎಂದು ಮುಂದೂಡಬಾರದು. ಅವುಗಳಲ್ಲಿ ಮುಖ್ಯವಾದುದು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುವ ಸ್ಟ್ರೆಸ್ ಫ್ರಾಕ್ಚರ್. ಉದ್ದನೆಯ ಕವಾಯತುಗಳ ನಂತರ ಸೈನಿಕರ ಪಾದಗಳಲ್ಲಿ ಕಾಣುತ್ತಿದ್ದ ಈ ನೋವು ಮತ್ತು ಊತವನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲಿಯೇ ವಿವರಿಸಿದ್ದ. ಎಕ್ಸ್‌ರೇ ಬಂದ ಮೇಲಷ್ಟೇ ಅದು ಮೂಳೆಯ ಬಿರುಕೆಂದು ಗೊತ್ತಾಯಿತು. ಇಲ್ಲಿ ನೋವು ಒಂದೇ ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿರುತ್ತದೆ, ಓಡುತ್ತ ಹೋದಂತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಕ್ರಮೇಣ ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಡತೊಡಗುತ್ತದೆ. ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ, ಅದರಲ್ಲೂ ಎರಡನೆಯದರಲ್ಲಿ, ಇದು ಹೆಚ್ಚು. ಹಿಮ್ಮಡಿ ಮೂಳೆಯಲ್ಲಿಯೂ ಆಗಬಹುದು. ಹಿಮ್ಮಡಿಯ ಎರಡು ಪಕ್ಕಗಳನ್ನು ಅಂಗೈಗಳ ನಡುವೆ ಹಿಡಿದು ಅದುಮಿದಾಗ ಜೋರಾಗಿ ನೋವಾದರೆ ಆ ಅನುಮಾನ ಬಲವಾಗುತ್ತದೆ.

ಎರಡು ಜಾಗಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು: ಪಾದದ ಮೇಲ್ಭಾಗದಲ್ಲಿ ಕಮಾನಿನ ತುದಿಯ ಬಳಿ ಇರುವ ನೇವಿಕ್ಯುಲರ್ ಮೂಳೆ, ಮತ್ತು ಕಿರುಬೆರಳಿನ ಉದ್ದ ಮೂಳೆಯ ಹಿಂಭಾಗ. ಇವೆರಡಕ್ಕೂ ರಕ್ತಪೂರೈಕೆ ಕಡಿಮೆಯಿರುವುದರಿಂದ ಬಿರುಕು ಕೂಡಿಕೊಳ್ಳದೆ ಉಳಿಯುವ ಅಪಾಯ ಹೆಚ್ಚು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. “ಎಕ್ಸ್‌ರೇ ನಾರ್ಮಲ್” ಎಂಬ ಒಂದೇ ಕಾರಣಕ್ಕೆ ಓಟಕ್ಕೆ ಮರಳಬೇಡಿ. ಅನುಮಾನ ಉಳಿದಿದ್ದರೆ ಎಂಆರ್‌ಐ ಬೇಕೇ ಎಂದು ಮೂಳೆತಜ್ಞರನ್ನು ಕೇಳಿ. ಮುಟ್ಟು ತಪ್ಪಿಹೋಗಿರುವ ಓಟಗಾರ್ತಿಯರು, ಊಟ ಕಡಿಮೆ ಮಾಡಿ ಓಟ ಹೆಚ್ಚಿಸಿಕೊಂಡಿರುವವರು, ಡಿ ಜೀವಸತ್ವದ ಕೊರತೆ ಇರುವವರು ಈ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು, ಏಕೆಂದರೆ ಅಂಥ ಸಂದರ್ಭದಲ್ಲಿ ಪಾದಕ್ಕಿಂತ ಮೊದಲು ಸರಿಪಡಿಸಬೇಕಾದುದು ಆಹಾರವನ್ನು.

ಇವಲ್ಲದೆ, ಹೆಬ್ಬೆರಳಿನ ಬುಡ ಇದ್ದಕ್ಕಿದ್ದಂತೆ ಕೆಂಪಗೆ ಬಿಸಿಯಾಗಿ ಊದಿಕೊಂಡರೆ ಅದು ಗೌಟ್ (ಕೀಲಿನಲ್ಲಿ ಯೂರಿಕ್ ಆಮ್ಲದ ಹರಳುಗಳು ಕೂಡಿ ಬರುವ ಸಂಧಿವಾತ) ಆಗಿರಬಹುದು. ನಲವತ್ತರೊಳಗಿನವರಿಗೆ ಎರಡೂ ಹಿಮ್ಮಡಿಗಳು ತಿಂಗಳುಗಟ್ಟಲೆ ನೋಯುತ್ತಿದ್ದು, ಬೆಳಿಗ್ಗೆ ಸೊಂಟವೂ ಬಹಳ ಹೊತ್ತು ಬಿಗಿಯಾಗಿರುತ್ತಿದ್ದರೆ, ಸಂಧಿವಾತದ ತಜ್ಞರನ್ನು ಕಾಣಬೇಕು. ಪಾದದಲ್ಲಿ ಮರಗಟ್ಟುವಿಕೆ ಇರುವವರು, ಓಡುವಾಗ “ಟಪ್” ಎಂದು ಏನೋ ಹರಿದಂತಾಗಿ ಹೆಜ್ಜೆ ಊರಲಾಗದವರು, ಹಾಗೆಯೇ ಪಾದದಲ್ಲಿ ಸಣ್ಣ ಗಾಯವಾದರೂ ಸಕ್ಕರೆ ಕಾಯಿಲೆ ಇರುವವರು ಮನೆಮದ್ದಿನಲ್ಲಿ ಸಮಯ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಹಂತ 3: ಭಾರ ಇಳಿಸುವುದು, ಆದರೆ ಮಲಗಿಬಿಡದಿರುವುದು

ಇಲ್ಲಿಂದ ಮುಂದಿನದು ಪ್ಲಾಂಟಾರ್ ಫೇಸೈಟಿಸ್ ಎಂದು ಖಚಿತವಾದವರಿಗೆ. ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿರುವ ದಪ್ಪ ತಂತುಪಟ್ಟಿ ಪಾದದ ಕಮಾನನ್ನು ಬಿಗಿಹಿಡಿದಿರುತ್ತದೆ. ನಾವು ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ಮುಂದಕ್ಕೆ ತಳ್ಳಿದಾಗ, ರಾಟೆಗೆ ಹಗ್ಗ ಸುತ್ತಿ ಬಿಗಿಯಾಗುವ ಹಾಗೆ ಈ ಪಟ್ಟಿ ಬೆರಳುಗಳ ಬುಡಕ್ಕೆ ಸುತ್ತಿಕೊಂಡು ಕಮಾನನ್ನು ಮೇಲೆತ್ತುತ್ತದೆ. ಹಿಕ್ಸ್ ಎಂಬ ಆಂಗ್ಲ ತಜ್ಞ 1954ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ಓಟದ ಪ್ರತಿ ಹೆಜ್ಜೆಯಲ್ಲೂ ಇದು ನಡೆಯುತ್ತದೆ. ಪಟ್ಟಿಗೆ ಚೇತರಿಸಿಕೊಳ್ಳುವಷ್ಟು ಬಿಡುವು ಸಿಗದಿದ್ದರೆ ಹಿಮ್ಮಡಿಗೆ ಅಂಟಿಕೊಂಡಿರುವ ತುದಿಯಲ್ಲಿ ಅದರ ಎಳೆಗಳು ಸವೆದು ದಪ್ಪಗಾಗುತ್ತವೆ. ಇದು ಉರಿಯೂತಕ್ಕಿಂತ ಹೆಚ್ಚಾಗಿ ಸವಕಳಿಯ ತೊಂದರೆ. ಹೀಗಾಗಿಯೇ ಉರಿಯೂತ ಇಳಿಸುವ ಮಾತ್ರೆಗಳಿಂದ ನೋವು ಸ್ವಲ್ಪ ಹೊತ್ತು ಮಂಕಾಗಬಹುದೇ ಹೊರತು ಕಾಯಿಲೆ ಹೋಗುವುದಿಲ್ಲ. ಮಾತ್ರೆ ನುಂಗಿ ಓಡಲು ಹೋಗುವುದಂತೂ ಬೇಡವೇ ಬೇಡ: ನೋವಿನ ಎಚ್ಚರಿಕೆ ಅಡಗುತ್ತದೆ, ಬೆವರು ಹರಿದು ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೂ ಪೆಟ್ಟು ಬೀಳಬಹುದು.

ಸಂಪೂರ್ಣ ವಿಶ್ರಾಂತಿಯೂ ಉತ್ತರವಲ್ಲ. ತಿಂಗಳುಗಟ್ಟಲೆ ಓಡದೆ ಕುಳಿತರೆ ನೋವು ಇಳಿಯುತ್ತದೆ, ಜೊತೆಗೆ ಪಟ್ಟಿಯ ಮತ್ತು ಮೀನಖಂಡದ ಬಲವೂ ಇಳಿಯುತ್ತದೆ. ಮರಳಿ ಓಡಿದ ಮೊದಲ ವಾರದಲ್ಲಿಯೇ ನೋವು ಹಿಂದಿರುಗುತ್ತದೆ. ಆದ್ದರಿಂದ ಭಾರವನ್ನು ಅಳೆದು ಇಳಿಸಬೇಕು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಓಡುವಾಗಿನ ನೋವು ಮೂರನ್ನು ದಾಟಬಾರದು, ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯ. ಈ ತೊಂದರೆಯಲ್ಲಿ ಮೈ ಬಿಸಿಯಾದ ಮೇಲೆ ನೋವು ಮರೆಯಾಗುವುದರಿಂದ ಓಟದ ನಡುವೆ ಸಿಗುವ ಸಮಾಧಾನವನ್ನು ನಂಬುವಂತಿಲ್ಲ. ನಿಜವಾದ ಲೆಕ್ಕ ಗೊತ್ತಾಗುವುದು ಮರುದಿನ ಬೆಳಿಗ್ಗೆ. ಈ ಎರಡು ಷರತ್ತುಗಳಿಗೆ ಒಳಪಟ್ಟು ಓಡಲಾಗುತ್ತಿದ್ದರೆ ದೂರವನ್ನು ಅರ್ಧಕ್ಕೆ ಇಳಿಸಿ, ವೇಗದ ಓಟ ಮತ್ತು ಏರುಹಾದಿಗಳನ್ನು ಬಿಟ್ಟು, ದಿನ ಬಿಟ್ಟು ದಿನ ಓಡಿ. ಓಡಲಾಗದಿದ್ದರೆ ಎರಡು ಮೂರು ವಾರ ಸೈಕಲ್ ಅಥವಾ ಈಜಿನಿಂದ ಉಸಿರಿನ ಶಕ್ತಿಯನ್ನು ಉಳಿಸಿಕೊಳ್ಳಿ. ಓಟ ನಿಂತರೂ ಮುಂದಿನ ಎರಡು ಹಂತಗಳು ನಿಲ್ಲಬಾರದು.

ಮನೆಮದ್ದಿನ ಬಗ್ಗೆ ಒಂದು ಮಾತು. ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿಗೆ ಶಾಖ ಕೊಡುವುದು ನಮ್ಮ ಊರುಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಿತವಾದ ಶಾಖದಿಂದ ಬಿಗಿತ ಸಡಿಲಾಗುವುದು ನಿಜ, ಅದನ್ನು ಅಲ್ಲಗಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಪಾದದ ಸ್ಪರ್ಶಜ್ಞಾನ ಕುಂದಿರುವ ಮಧುಮೇಹಿಗಳು ಸುಟ್ಟುಕೊಂಡದ್ದೇ ತಿಳಿಯದೆ ಹುಣ್ಣು ಮಾಡಿಕೊಳ್ಳುವ ಅಪಾಯವಿದೆ, ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ದೊಡ್ಡ ತೊಂದರೆಯಾಗುತ್ತದೆ. ಓಡಿ ಬಂದ ಮೇಲೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುವುದೂ ಇಷ್ಟೇ ಪ್ರಯೋಜನದ್ದು: ತಾತ್ಕಾಲಿಕ ಆರಾಮ.

ಹಂತ 4: ಶೂಗಿಂತ ಮೊದಲು ಮನೆಯ ನೆಲ

ಪಾದದ ನೋವೆಂದರೆ ಓಟಗಾರರು ಮೊದಲು ಶೂ ಅಂಗಡಿಗೆ ಓಡುತ್ತಾರೆ. ಓಟದ ಶೂ ಕಾಲಿನಲ್ಲಿರುವುದು ದಿನಕ್ಕೆ ಒಂದು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ, ಚಪ್ಪಲಿಯನ್ನು ಹೊಸ್ತಿಲಾಚೆಗೆ ಬಿಡುವ ನಮ್ಮ ಮನೆಗಳಲ್ಲಿ, ಅದೇ ಪಾದ ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿರುತ್ತದೆ. ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗಂತೂ ಓಟಕ್ಕಿಂತ ಈ ನಿಲುವಿನ ಭಾರವೇ ಹೆಚ್ಚಾಗಿರಬಹುದು. ಹೊರದೇಶಗಳಿಂದ ಬರುವ ಸಲಹೆಗಳಲ್ಲಿ ಈ ಅಂಶಕ್ಕೆ ಸಾಕಷ್ಟು ಒತ್ತು ಸಿಗುವುದಿಲ್ಲ. ನೋವಿರುವಷ್ಟು ತಿಂಗಳು ಮನೆಯೊಳಗೆ ಹಾಕಿಕೊಳ್ಳಲೆಂದೇ ಒಂದು ಜೊತೆ ಮೃದು ಚಪ್ಪಲಿ ಇಟ್ಟುಕೊಳ್ಳಿ. ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೃದು ರಬ್ಬರಿನ) ಚಪ್ಪಲಿ ಎಂದು ಕೇಳಿದರೆ ಅನೇಕ ಔಷಧದ ಅಂಗಡಿಗಳಲ್ಲಿಯೂ ಕೆಲವು ಚಪ್ಪಲಿ ಅಂಗಡಿಗಳಲ್ಲಿಯೂ ಸಿಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಹೆಜ್ಜೆ ಅದರ ಮೇಲೆಯೇ ಬೀಳುವಂತೆ ಮಂಚದ ಪಕ್ಕದಲ್ಲಿರಲಿ. ದೇವರ ಮನೆಗೆ ಬಿಚ್ಚಿಟ್ಟು ಹೋಗುವ ಐದು ಹತ್ತು ನಿಮಿಷದಿಂದ ಏನೂ ಕೆಡುವುದಿಲ್ಲ.

ಓಟದ ಶೂ ಕೊಳ್ಳಲು ಸಂಜೆಯ ಹೊತ್ತು ಒಳ್ಳೆಯದು, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಹಿಗ್ಗಿರುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇಳಿಜಾರಿನಲ್ಲಿ ಓಡುವವರ ಉಗುರು ಕಪ್ಪಾಗುವುದು ಹೆಚ್ಚಾಗಿ ಈ ಜಾಗ ಸಾಲದೇ ಇರುವುದರಿಂದ. ಬಹಳಷ್ಟು ಶೂಗಳು 500ರಿಂದ 800 ಕಿಲೋಮೀಟರ್‌ಗಳೊಳಗೆ ಮೆತ್ತೆಯ ಗುಣ ಕಳೆದುಕೊಳ್ಳುತ್ತವೆ, ಹೊರಗಿನಿಂದ ಹೊಸದರಂತೆ ಕಂಡರೂ ಕೂಡ. ತೀರ ತೆಳ್ಳಗಿನ ಅಟ್ಟೆಯ ಶೂಗೆ ಅಥವಾ ಬರಿಗಾಲ ಓಟಕ್ಕೆ ಬದಲಾಗುವ ಪ್ರಯೋಗವನ್ನು ನೋವಿರುವಾಗ ಮಾಡಬೇಡಿ. ಅಳತೆ ಕೊಟ್ಟು ಮಾಡಿಸುವ ದುಬಾರಿ ಇನ್‌ಸೋಲ್‌ಗಳು ಸಿದ್ಧ ಇನ್‌ಸೋಲ್‌ಗಳಿಗಿಂತ ಹೆಚ್ಚಿನ ಲಾಭ ಕೊಡುತ್ತವೆಂದು ಹಿಮ್ಮಡಿ ನೋವಿನ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ಆದ್ದರಿಂದ ಸಾಮಾನ್ಯ ಬೆಲೆಯದರಿಂದಲೇ ಆರಂಭಿಸಿ.

ಹಂತ 5: ಹಿಗ್ಗಿಸುವುದು, ಅದಕ್ಕಿಂತ ಹೆಚ್ಚಾಗಿ ಬಲಪಡಿಸುವುದು

ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು ಹಾಸಿಗೆಯ ಅಂಚಿನಲ್ಲಿ ಕುಳಿತು, ನೋವಿರುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನೆಲ್ಲ ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಬಾಗಿಸಿ. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿದರೆ ಪಟ್ಟಿ ತಂತಿಯಂತೆ ಬಿಗಿಯಾಗಿರುವುದು ತಿಳಿಯಬೇಕು. ಹತ್ತು ಸೆಕೆಂಡು ಹಿಡಿದು ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಕೊಟ್ಟು ಹಿಂದಿನ ಕಾಲಿನ ಹಿಮ್ಮಡಿಯನ್ನು ನೆಲದಲ್ಲೇ ಊರಿ ಮೀನಖಂಡವನ್ನು ಹಿಗ್ಗಿಸುವುದನ್ನೂ ಇದರೊಂದಿಗೆ ಸೇರಿಸಿಕೊಳ್ಳಬಹುದು.

ಬಹುಪಾಲು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಹೇಳುವುದು ಬೇಸರ ತರಿಸುವ ಕೆಲಸ, ಆದರೆ ಓಟಗಾರರ ಮಟ್ಟಿಗೆ ಬಿಡಬಾರದ ಕೆಲಸವೂ ಹೌದು. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮುಂಭಾಗವನ್ನು ಊರಿ, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಚಿಕ್ಕ ಟವೆಲ್ ಇಟ್ಟು, ಗೋಡೆಯನ್ನೋ ಕಂಬಿಯನ್ನೋ ಹಿಡಿದುಕೊಳ್ಳಿ. ಟವೆಲ್ಲಿನಿಂದ ಬೆರಳುಗಳು ಮೇಲಕ್ಕೆ ಬಾಗಿರುವುದರಿಂದ ತಂತುಪಟ್ಟಿ ಆರಂಭದಿಂದಲೇ ಬಿಗಿಯಾಗಿರುತ್ತದೆ. ಮೂರು ಸೆಕೆಂಡುಗಳಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ಮೇಲೆಯೇ ನಿಂತು, ಮತ್ತೆ ಮೂರು ಸೆಕೆಂಡುಗಳಲ್ಲಿ ಕೆಳಗಿಳಿಸಿ. ದಿನ ಬಿಟ್ಟು ದಿನ, ಹನ್ನೆರಡು ಸಲದ ಮೂರು ಸುತ್ತುಗಳಿಂದ ಆರಂಭಿಸಬೇಕು. ಒಂದೇ ಕಾಲಿನಲ್ಲಿ ಆಗದವರು ಎರಡೂ ಕಾಲುಗಳಿಂದ ಮಾಡಲಿ. ಎರಡು ವಾರದ ಬಳಿಕ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಏರಿಸಿ ಹತ್ತು ಸಲದ ನಾಲ್ಕು ಸುತ್ತು, ನಾಲ್ಕು ವಾರದ ಬಳಿಕ ಇನ್ನಷ್ಟು ಪುಸ್ತಕ ಸೇರಿಸಿ ಎಂಟು ಸಲದ ಐದು ಸುತ್ತು. ಸಲಗಳ ಸಂಖ್ಯೆ ಇಳಿಯಬೇಕು, ಹೊರುವ ತೂಕ ಏರಬೇಕು.

ಡೆನ್ಮಾರ್ಕಿನಲ್ಲಿ 48 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಈ ಕ್ರಮವನ್ನು ಹೆಸರುವಾಸಿ ಮಾಡಿತು. ಮೂರು ತಿಂಗಳ ಹೊತ್ತಿಗೆ ಬರೀ ಹಿಗ್ಗಿಸುವವರಿಗಿಂತ ಇದನ್ನು ಮಾಡಿದವರು ಸ್ಪಷ್ಟವಾಗಿ ಮುಂದಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಈ ವ್ಯಾಯಾಮ ಪವಾಡವಲ್ಲ, ಬೇಗ ಗುಣವಾಗುವ ದಾರಿ ಮಾತ್ರ. ಮೊದಲ ಒಂದೆರಡು ವಾರ ನೋವು ಸ್ವಲ್ಪ ಹೆಚ್ಚಾದಂತೆ ಅನಿಸಬಹುದು. ಮೊದಲು ಹೇಳಿದ ಬೆಳಗಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ಹಂತ 6: ವೈದ್ಯರ ಬಳಿ ಕೇಳಬೇಕಾದದ್ದು

ಆರರಿಂದ ಎಂಟು ವಾರ ಈ ಕ್ರಮವನ್ನು ತಪ್ಪದೆ ಅನುಸರಿಸಿದರೂ ಏನೂ ಬದಲಾಗದಿದ್ದರೆ ಮೂಳೆತಜ್ಞರನ್ನೋ ಕ್ರೀಡಾ ವೈದ್ಯರನ್ನೋ ಕಾಣಿ. ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿರುವುದು ಕಂಡರೆ ಗಾಬರಿಯಾಗಬೇಡಿ. ನೋವೇ ಇಲ್ಲದ ಅನೇಕರಲ್ಲಿ ಆ ಮುಳ್ಳು ಇರುತ್ತದೆ, ತೀವ್ರ ನೋವಿರುವ ಅನೇಕರಲ್ಲಿ ಇರುವುದಿಲ್ಲ. ಅದನ್ನು ತೆಗೆಸಲೇಬೇಕೆಂದು ಯಾರಾದರೂ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳುವುದು ಒಳಿತು. ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ಕೆಲವು ವಾರಗಳ ಮಟ್ಟಿಗೆ ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ತಂತುಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯ ಅದಕ್ಕಿದೆ. ಸ್ಪರ್ಧೆ ಹತ್ತಿರ ಬಂತೆಂದು ಇಂಜೆಕ್ಷನ್ ಹಾಕಿಸಿಕೊಂಡು ಮುಂದಿನ ವಾರವೇ ಓಡುವುದು ಆ ಅಪಾಯವನ್ನು ಕೈಯಾರೆ ಬರಮಾಡಿಕೊಂಡಂತೆ. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ನೋವು ಹೋಗುತ್ತದೆ.

ಹಂತ 7: ಮರಳಿ ಓಡುವುದು

ಮೂವತ್ತು ನಿಮಿಷ ಚುರುಕಾಗಿ ನಡೆದರೂ ಮರುದಿನ ಬೆಳಿಗ್ಗೆ ನೋವು ಏರದಿದ್ದರೆ ಓಟಕ್ಕೆ ಮರಳಬಹುದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ, ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಮಾತ್ರ ಓಟದ ನಿಮಿಷಗಳನ್ನು ಹೆಚ್ಚಿಸಿ, ಮಧ್ಯದಲ್ಲಿ ಬೆಳಗಿನ ನೋವು ಏರಿದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಕಬ್ಬನ್ ಪಾರ್ಕಿನ ಮರಗಳ ನಡುವಿನ ಮಣ್ಣಿನ ಹಾದಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಂಥ ಸಮತಟ್ಟಾದ ಜಾಗಗಳಿದ್ದರೆ ಒಳ್ಳೆಯದು. ಆದರೆ ಮೃದು ನೆಲ ಬೇಕೆಂದು ಗುಂಡಿ, ಬೇರುಗಳ ಹಾದಿ ಹಿಡಿದು ಪಾದ ಹೊರಳಿಸಿಕೊಳ್ಳುವುದಕ್ಕಿಂತ ಸಮನಾದ ಡಾಂಬರು ರಸ್ತೆಯೇ ವಾಸಿ. ಪಾದಚಾರಿ ಮಾರ್ಗದ ಚಪ್ಪಡಿಗಳ ಏರುತಗ್ಗಿನ ಬಗ್ಗೆ ಬೆಂಗಳೂರಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಉದ್ದ ಹೆಜ್ಜೆ ಹಾಕುವವರು ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ ಐದರಿಂದ ಹತ್ತರಷ್ಟು ಹೆಚ್ಚಿಸಿಕೊಂಡರೆ ಹೆಜ್ಜೆ ತಾನಾಗಿ ಚಿಕ್ಕದಾಗಿ, ಪ್ರತಿ ಹೆಜ್ಜೆಯಲ್ಲಿ ಕಾಲಿನ ಮೇಲೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಮೊದಲು ದೂರ, ಆಮೇಲೆ ಏರುಹಾದಿ, ಎಲ್ಲಕ್ಕಿಂತ ಕೊನೆಯಲ್ಲಿ ವೇಗ ಎಂಬ ಅನುಕ್ರಮವನ್ನು ಬದಲಿಸಬೇಡಿ. ನೋವು ಪೂರ್ತಿ ಹೋದ ಮೇಲೂ ಮೆಟ್ಟಿಲಿನ ವ್ಯಾಯಾಮವನ್ನು ಕೆಲವು ತಿಂಗಳು ವಾರಕ್ಕೆ ಎರಡು ಸಲವಾದರೂ ಮುಂದುವರಿಸಿ. ಓಟ ಇಲ್ಲದ ದಿನ ಇದಕ್ಕೆ ಅನುಕೂಲ, ಒಂದೇ ದಿನ ಎರಡನ್ನೂ ಮಾಡಬೇಕಾಗಿ ಬಂದರೆ ಓಟ ಮೊದಲಾಗಲಿ, ವ್ಯಾಯಾಮ ಸಂಜೆಗಿರಲಿ.